ಮನೆಯಲ್ಲೇ 16×20 ಇಂಚಿನ ಪ್ರಿಂಟ್: ಡಾರ್ಕ್‌ರೂಮ್ ಸಜ್ಜು ಮಾಡುವ ಕ್ರಮ

"8×10 ಚೆನ್ನಾಗಿ ಬರುತ್ತೆ, 16×20 ಹಾಕಿದಾಗ ಮಾತ್ರ ಏನೋ ಒಂದು ಕೆಡುತ್ತೆ." ಮನೆಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ಮಾಡುವವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಒಂದು ಮೂಲೆ ಮಂಕು. ಬಿಳಿ ಇರಬೇಕಾದ ಜಾಗ ಬೂದು. ಆಕಾಶದ ತುಂಬಾ ಗೆರೆ. ಈ ತಪ್ಪುಗಳಲ್ಲಿ ಬಹುಪಾಲು ಸಣ್ಣ ಪ್ರಿಂಟಿನಲ್ಲೂ ಇದ್ದವು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಎಡವುವುದು ಸಾಮಾನ್ಯವಾಗಿ ಕ್ರಮದಲ್ಲಿ. ಮೊದಲು ಎನ್‌ಲಾರ್ಜರ್ (ನೆಗೆಟಿವ್‌ನ ಚಿತ್ರವನ್ನು ಪೇಪರಿನ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಕೊಳ್ಳುತ್ತಾರೆ, ಆಮೇಲೆ ಟ್ರೇ, ಕೊನೆಗೆ ಕೋಣೆ ಹುಡುಕುತ್ತಾರೆ. ಕೋಣೆಯಿಂದ ಶುರು ಮಾಡಿ. ಒಂದು ಹಂತ ಸರಿಯಾಗಿದೆ ಅಂತ ಪರೀಕ್ಷೆ ಮಾಡಿ ನೋಡುವವರೆಗೆ ಮುಂದಿನದಕ್ಕೆ ಹೋಗಬೇಡಿ. ಬೆಳಕು ಬಿದ್ದರೆ ಕೆಡುವ ದೊಡ್ಡ ಫೋಟೋ ಪೇಪರ್ ತುಂಬಾ ದುಬಾರಿ. ಅದರ ಡಬ್ಬಿ ತೆರೆಯುವುದು 7ನೇ ಹಂತದಲ್ಲಿ.

## 1. ಮೊದಲು ಟೇಪು ಹಿಡಿದು ಅಳೆಯಿರಿ

ಎರಡು ಅಳತೆ ಬೇಕು. ಒಂದು ಎತ್ತರದ್ದು, ಇನ್ನೊಂದು ಟ್ರೇಗಳದ್ದು.

35 ಎಂಎಂ ನೆಗೆಟಿವ್‌ನ ಅಳತೆ 24×36 ಮಿ.ಮೀ. 16×20 ಹಾಳೆ ಪೂರ್ತಿ ತುಂಬಬೇಕಾದರೆ ಅದನ್ನು ಸುಮಾರು 17 ಪಟ್ಟು ದೊಡ್ಡದು ಮಾಡಬೇಕು. 50 ಎಂಎಂ ಲೆನ್ಸ್ ಹಾಕಿದರೆ ನೆಗೆಟಿವ್‌ನಿಂದ ಪೇಪರಿಗೆ ಹತ್ತಿರ ಹತ್ತಿರ 95 ಸೆಂ.ಮೀ. ಅಂತರ ಬೇಕಾಗುತ್ತದೆ. ಫ್ರೇಮನ್ನು ಕತ್ತರಿಸದೆ ಪೂರ್ತಿ ಇಟ್ಟರೆ ಚಿತ್ರ ಸುಮಾರು 13×20 ಇಂಚು ಬರುತ್ತದೆ, ಆಗ 80 ಸೆಂ.ಮೀ. ಸಾಕು. 6×6 ಸೆಂ.ಮೀ. ನೆಗೆಟಿವ್ ಮತ್ತು 80 ಎಂಎಂ ಲೆನ್ಸ್ ಇದ್ದರೆ 16 ಇಂಚಿನ ಚೌಕಕ್ಕೆ 75 ಸೆಂ.ಮೀ. ನೆಗೆಟಿವ್ ಮೇಲೆ ದೀಪದ ತಲೆ ಇರುತ್ತದೆ, ಅದರ ಎತ್ತರವನ್ನೂ ಸೇರಿಸಿಕೊಳ್ಳಿ.

ಸಣ್ಣ ಎನ್‌ಲಾರ್ಜರ್‌ಗಳ ಕಂಬ ಇಷ್ಟು ಎತ್ತರ ಇರುವುದಿಲ್ಲ. ಹಾಗಂತ ಬೇರೆ ಕೊಳ್ಳಬೇಕಿಲ್ಲ. ತಲೆಯನ್ನು ಹಿಂದಕ್ಕೆ ತಿರುಗಿಸಿ ಮೇಜಿನ ಅಂಚಿನಾಚೆಗೆ ಬರುವಂತೆ ಮಾಡಿ, ಪೇಪರನ್ನು ಕೆಳಗೆ ಒಂದು ಗಟ್ಟಿ ಸ್ಟೂಲಿನ ಮೇಲೆ ಇಡಬಹುದು. ಆಗ ಎನ್‌ಲಾರ್ಜರ್‌ನ ಹಲಗೆ ಮೇಲೆ ಇಟ್ಟಿಗೆಯೋ ಅಕ್ಕಿ ಚೀಲವೋ ಇಡಲೇಬೇಕು. ಇಲ್ಲದಿದ್ದರೆ ಭಾರ ಒಂದೇ ಕಡೆ ಬಿದ್ದು ಇಡೀ ಯಂತ್ರ ಮಗುಚುತ್ತದೆ.

ಇನ್ನು ಟ್ರೇ. ಮೂರು ಬೇಕು: ಚಿತ್ರ ಮೂಡಿಸುವ ಡೆವಲಪರ್‌ಗೆ, ಅದನ್ನು ನಿಲ್ಲಿಸುವ ಸ್ಟಾಪ್ ಬಾತ್‌ಗೆ, ಚಿತ್ರ ಉಳಿಯುವಂತೆ ಮಾಡುವ ಫಿಕ್ಸರ್‌ಗೆ ಒಂದೊಂದು. 16×20 ಹಾಳೆಗೆ ಒಳಗಡೆ ಕನಿಷ್ಠ 17×21 ಇಂಚು ಇರುವ ಟ್ರೇ ಬೇಕು. ಅಂಚು ಸೇರಿ ಒಂದೊಂದೂ 20×24 ಇಂಚಿನ ಜಾಗ ತಿನ್ನುತ್ತದೆ. ಅಗಲ ಒತ್ತೊತ್ತಾಗಿ ಮೂರು ಟ್ರೇ ಇಟ್ಟರೆ 5 ಅಡಿ. ನಮ್ಮ ಮನೆಗಳ ಬಚ್ಚಲು 4×7 ಅಡಿ ಇದ್ದರೂ ಉದ್ದಕ್ಕೆ ಹಿಡಿಸುತ್ತದೆ. ಹಿಡಿಸದಿದ್ದರೆ ಮೂರು ತಟ್ಟಿನ ರ‍್ಯಾಕ್ ಮಾಡಿಸಿ. ತಟ್ಟಿನ ನಡುವೆ ಒಂದು ಅಡಿ ಬಿಡಿ, ಕೈ ಒಳಗೆ ಹೋಗಿ ಹಾಳೆ ಎತ್ತಬೇಕಲ್ವಾ? ಸಮತಟ್ಟಾದ ತಳದ ಯಾವ ಪ್ಲಾಸ್ಟಿಕ್ ಟ್ರೇ ಆದರೂ ನಡೆಯುತ್ತದೆ. ಅಲ್ಯೂಮಿನಿಯಂ, ತಗಡು ಬೇಡ.

## 2. ಕತ್ತಲೆ

ಈ ಹಂತಕ್ಕೆ ಒಂದಿಡೀ ದಿನ ಕೊಡಿ. ಅವಸರ ಮಾಡಿದವರು ಆಮೇಲೆ ಪೇಪರಿನ ಲೆಕ್ಕದಲ್ಲಿ ಬೆಲೆ ತೆರುತ್ತಾರೆ.

ವೆಂಟಿಲೇಟರ್ ಅಳತೆಗೆ ಪ್ಲೈವುಡ್ ತುಂಡು ಕತ್ತರಿಸಿ. ಅಂಚಿಗೆ ಕಿಟಕಿಗೆ ಹಾಕುವ ಫೋಮ್ ಪಟ್ಟಿ ಅಂಟಿಸಿ ಒತ್ತಿ ಕೂರಿಸಿ. ಕಪ್ಪು ಪ್ಲಾಸ್ಟಿಕ್ ಹಾಳೆ ಒಂದು ಪದರ ಸಾಲದು, ಬಿಸಿಲಿಗೆ ಹಿಡಿದು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಬಾಗಿಲಿನ ಚೌಕಟ್ಟಿಗೆ ಒಳಗಡೆಯಿಂದ ದಪ್ಪ ಕಪ್ಪು ಪರದೆ, ಕೆಳಗಿನ ಸಂದಿಗೆ ಸುತ್ತಿದ ಹಳೇ ಟವೆಲ್.

ಗಾಳಿಯನ್ನು ಮರೆಯಬೇಡಿ. ಮುಚ್ಚಿದ ಕೋಣೆಯಲ್ಲಿ ಹೈಪೊ (ಫಿಕ್ಸರ್) ವಾಸನೆ ಕುಡಿಯುತ್ತಾ ಮೂರು ಗಂಟೆ ನಿಂತರೆ ತಲೆನೋವು ಖಂಡಿತ. ಎಕ್ಸಾಸ್ಟ್ ಫ್ಯಾನ್ ಇರಲಿ, ಅದರ ಮುಂದೆ ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ, ಎರಡು ಕಡೆ ತಿರುವು ಇರುವ ಪೆಟ್ಟಿಗೆ ಕೂರಿಸಿ. ಗಾಳಿ ತಿರುಗಿಕೊಂಡು ಹೋಗುತ್ತದೆ, ಬೆಳಕು ಹೋಗುವುದಿಲ್ಲ. ಗಾಳಿ ಒಳಗೆ ಬರುವ ದಾರಿಗೆ 4 ಇಂಚಿನ ಪಿವಿಸಿ ಎಲ್ಬೋ ಎರಡು ಜೋಡಿಸಿ, ಒಳಗೆ ಅದೇ ಕಪ್ಪು ಬಣ್ಣ ಹಚ್ಚಿದರೆ ಸಾಕು. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಈಗ ಪರೀಕ್ಷೆ. ಮಟಮಟ ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಹಾಕಿ, ಎಲ್ಲ ದೀಪ ಆರಿಸಿ 10 ನಿಮಿಷ ಕೂತಿರಿ. ಮೊದಲ ನಿಮಿಷ ಏನೂ ಕಾಣುವುದಿಲ್ಲ. ಐದಾರು ನಿಮಿಷ ಆದ ಮೇಲೆ ಕಳ್ಳ ಬೆಳಕು ಒಂದೊಂದಾಗಿ ಮುಖ ತೋರಿಸುತ್ತದೆ: ಕೀಲಿ ತೂತು, ಬಾಗಿಲಿನ ಹಿಂಜ್ ಪಕ್ಕ, ಪೈಪ್ ಗೋಡೆ ಹೊಕ್ಕ ಜಾಗ. ಟೇಪ್ ಕೈಯಲ್ಲಿ ಹಿಡಿದೇ ಕೂತಿರಿ. ಕೊನೆಯಲ್ಲಿ ಕಣ್ಣ ಮುಂದೆ ಬಿಳಿ ಹಾಳೆ ಹಿಡಿಯಿರಿ. ಅದು ಕಾಣದಿದ್ದರೆ ಕೋಣೆ ಸಿದ್ಧ.

ಹೊರಗಿನ ಬೆಳಕು ಹುಡುಕುವ ಭರದಲ್ಲಿ ಒಳಗಿನದು ಮರೆತುಹೋಗುತ್ತದೆ. ಗೀಸರ್‌ನ ಕೆಂಪು ಚುಕ್ಕೆ, ಸ್ವಿಚ್ ಬೋರ್ಡಿನ ಇಂಡಿಕೇಟರ್, ಸ್ಟೆಬಿಲೈಸರ್‌ನ ಅಂಕಿ, ಕೈಗಡಿಯಾರ, ಜೇಬಿನಲ್ಲಿರುವ ಫೋನ್. ನನ್ನ ಒಂದು ವಾರದ ಕೆಲಸ ಕೆಟ್ಟಿದ್ದು ಟ್ರೇ ಮೇಲೆಯೇ ಇದ್ದ ಗೀಸರ್ ದೀಪದಿಂದ. ಕೆಂಪು ತಾನೇ, ಏನಾಗುತ್ತೆ ಅಂದುಕೊಂಡಿದ್ದೆ. ಕೆಂಪಾಗಿ ಕಂಡ ಮಾತ್ರಕ್ಕೆ ಅದು ಪೇಪರಿಗೆ ಸುರಕ್ಷಿತ ಅಂತ ಅರ್ಥವಲ್ಲ.

ಇನ್ನೊಂದು, ನಮ್ಮ ಊರುಗಳಲ್ಲಿ ಮುಖ್ಯವಾದದ್ದು. ಕರೆಂಟ್ ಹೋದಾಗ ಯಾರೋ ಸ್ವಿಚ್ ಒತ್ತಿ ನೋಡುತ್ತಾರೆ, ಹಾಗೇ ಬಿಡುತ್ತಾರೆ. ಕರೆಂಟ್ ಬಂದ ತಕ್ಷಣ ಟ್ಯೂಬ್‌ಲೈಟ್ ಝಗ್ ಅಂತ ಹೊತ್ತಿಕೊಳ್ಳುತ್ತದೆ, ಪೇಪರ್ ಡಬ್ಬಿ ತೆರೆದಿದ್ದರೆ ಮುಗಿಯಿತು. ಕೆಲಸಕ್ಕೆ ಇಳಿಯುವ ಮೊದಲು ಬಿಳಿ ದೀಪದ ಸ್ವಿಚ್‌ಗೆ ಟೇಪ್ ಅಂಟಿಸಿ.

## 3. ಒಣ ಕಡೆ, ಒದ್ದೆ ಕಡೆ

ಎನ್‌ಲಾರ್ಜರ್, ಪೇಪರ್, ನೆಗೆಟಿವ್, ಟೈಮರ್ ಒಂದು ಗೋಡೆಗೆ. ಟ್ರೇ, ನೀರು, ಬಾಟಲಿ ಎದುರು ಗೋಡೆಗೆ. ಜಾಗ ಸಾಲದೆ ಎರಡೂ ಪಕ್ಕಪಕ್ಕ ಬಂದರೆ ನಡುವೆ ಒಂದಡಿ ಎತ್ತರದ ಹಲಗೆ ನಿಲ್ಲಿಸಿ. ನಡುವೆ ಒಂದು ಒಣ ಟವೆಲ್ ತೂಗು ಹಾಕಿ. ಒದ್ದೆ ಕೈ ಒರೆಸದೆ ಒಣ ಕಡೆ ಏನನ್ನೂ ಮುಟ್ಟುವುದಿಲ್ಲ ಅನ್ನುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಪೇಪರ್ ಕೆಡುವುದಕ್ಕಿಂತ ದೊಡ್ಡ ಅಪಾಯ ಇಲ್ಲಿದೆ. ಬಚ್ಚಲಲ್ಲಿ ನೀರು, ಕರೆಂಟು, ಕತ್ತಲೆ ಮೂರೂ ಒಟ್ಟಿಗೆ ಸೇರುತ್ತವೆ. ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಇಲ್ಲದಿದ್ದರೆ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಇಡಬೇಡಿ, ಗೋಡೆಗೆ ಎದೆಮಟ್ಟದಲ್ಲಿ ತೂಗು ಹಾಕಿ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್. ಇದರಲ್ಲಿ ರಾಜಿ ಬೇಡ.

## 4. ಎನ್‌ಲಾರ್ಜರ್ ಅಲುಗದಂತೆ, ಓರೆಯಾಗದಂತೆ

17 ಪಟ್ಟು ದೊಡ್ಡದು ಮಾಡುವಾಗ ಅಲುಗಾಟವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಕಂಬದ ಮೇಲ್ತುದಿಯನ್ನು ಒಂದು ಎಲ್ ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ಮಹಡಿ ಮೇಲೆ ಯಾರಾದರೂ ನಡೆದರೆ, ವಾಷಿಂಗ್ ಮಷೀನ್ ತಿರುಗಿದರೆ ಮಂಕು ಖಚಿತ.

ಹೆಚ್ಚಿನವರು ಬಿಡುವ ಕೆಲಸ ಓರೆ ತೆಗೆಯುವುದು. ನೆಗೆಟಿವ್, ಲೆನ್ಸ್, ಹಲಗೆ ಮೂರೂ ಒಂದಕ್ಕೊಂದು ಸಮಾನಾಂತರ ಇರಬೇಕು. ಫೋನಿನ ಮಟ್ಟಗೋಲು ಒರಟು ಹೊಂದಾಣಿಕೆಗೆ ಸಾಕು. ನಿಜವಾದ ಪರೀಕ್ಷೆ ಹೀಗೆ: ಡೆವಲಪ್ ಆಗಿ ಪೂರ್ತಿ ಕಪ್ಪಾದ ಫಿಲ್ಮ್ ತುದಿಯೊಂದನ್ನು ತೆಗೆದುಕೊಳ್ಳಿ. ಅದರ ಮೇಲೆ ಸೂಜಿಯಿಂದ ಮೂಲೆಯಿಂದ ಮೂಲೆಗೆ ಎರಡು ಗೆರೆ ಗೀರಿ. ಅದನ್ನು ನೆಗೆಟಿವ್ ಜಾಗದಲ್ಲಿ ಇಟ್ಟು, ತಲೆಯನ್ನು 16×20 ಎತ್ತರಕ್ಕೆ ಏರಿಸಿ, ಲೆನ್ಸ್ ಪೂರ್ತಿ ತೆರೆದು, ನಡುವೆ ಫೋಕಸ್ ಮಾಡಿ. ಈಗ ಗ್ರೇನ್ ಫೋಕಸರ್ (ಬಿದ್ದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಸಾಧನ) ಹಿಡಿದು ನಾಲ್ಕೂ ಮೂಲೆ ನೋಡಿ. ಗೀರಿನ ಅಂಚು ಚಾಕುವಿನ ಅಲಗಿನ ಹಾಗೆ ಇರಬೇಕು, ಅಲ್ಲಿ ಸೂಜಿ ಕಿತ್ತ ಸಣ್ಣ ಸಣ್ಣ ಚೂರು ಕೂಡ ಕಾಣಬೇಕು. ಒಂದು ಮೂಲೆಯಲ್ಲಿ ಅದೇ ಗೀರು ಹತ್ತಿಯ ಎಳೆ ಹಾಗೆ ನಯವಾಗಿ ಕಂಡರೆ ಆ ಕಡೆ ಓರೆ ಇದೆ. ಹಲಗೆ ಮೇಲಿನ ಈಸೆಲ್ (ಪೇಪರ್ ಹಿಡಿಯುವ ಚೌಕಟ್ಟು) ಕೆಳಗೆ ರಟ್ಟಿನ ತುಂಡು ಕೊಡುತ್ತಾ ಸರಿಪಡಿಸಿ. ಪೇಪರ್ ಸ್ಟೂಲಿನ ಮೇಲಿದ್ದರೆ ಸ್ಟೂಲಿನ ಕಾಲಿಗೆ ಕೊಡಿ.

ಎಲ್ಲ ಕಡೆ ಫೋಕಸ್ ಸರಿಯಾಗಿದ್ದು, ಪ್ರಿಂಟಿನ ನಡುಭಾಗ ಮಾತ್ರ ಮಂಕಾದರೆ ಕಾರಣ ಬೇರೆ. ದೀಪದ ಕಾವಿಗೆ ಫಿಲ್ಮ್ ಉಬ್ಬುತ್ತಿದೆ. ಗಾಜಿನ ಕ್ಯಾರಿಯರ್ (ನೆಗೆಟಿವ್ ಹಿಡಿಯುವ ಚೌಕಟ್ಟು) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದೀಪ ಹಾಕಿ ಅರ್ಧ ನಿಮಿಷ ಫಿಲ್ಮ್ ಬಿಸಿಯಾಗಲು ಬಿಟ್ಟು ಆಮೇಲೆ ಫೋಕಸ್ ಮಾಡಿ, ತಡ ಮಾಡದೆ ಎಕ್ಸ್‌ಪೋಸ್ ಮಾಡಿ, ಅಂದರೆ ಪೇಪರಿಗೆ ಬೆಳಕು ಕೊಡಿ.

ವೋಲ್ಟೇಜ್ ಬಗ್ಗೆಯೂ ಒಂದು ಮಾತು. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ 5% ಇಳಿದರೆ ಬೆಳಕು ಸುಮಾರು 15% ಇಳಿಯುತ್ತದೆ. ಸಂಜೆ 7ಕ್ಕೆ ತೆಗೆದ ಟೆಸ್ಟ್ ಪಟ್ಟಿ (ಎಷ್ಟು ಹೊತ್ತು ಬೆಳಕು ಬೇಕು ಅಂತ ನೋಡುವ ಪೇಪರ್ ತುಂಡು) ರಾತ್ರಿ 11ಕ್ಕೆ ಹೊಂದದೇ ಇರುವುದು ಇದಕ್ಕೇ. ಸ್ಟೆಬಿಲೈಸರ್ ಹಾಕುವುದಾದರೆ ಸರ್ವೋ ಮಾದರಿ ನೋಡಿ. ಟಕ್ ಟಕ್ ಅನ್ನುವ ರಿಲೇ ಮಾದರಿ ಎಕ್ಸ್‌ಪೋಷರ್ ನಡುವೆಯೇ ಬೆಳಕನ್ನು ಜಿಗಿಸುತ್ತದೆ.

## 5. ಸೇಫ್‌ಲೈಟ್‌ಗೆ ನಾಣ್ಯದ ಪರೀಕ್ಷೆ

ಸೇಫ್‌ಲೈಟ್ ಅಂದರೆ ಪೇಪರ್ ಕೆಡದಂತೆ ಕೆಲಸ ಮಾಡಲು ಹಾಕಿಕೊಳ್ಳುವ ಮಂದ ಬಣ್ಣದ ದೀಪ. ಪೇಪರ್ ತುಂಡನ್ನು ಅದರ ಕೆಳಗೆ ಇಟ್ಟು, ಡೆವಲಪ್ ಮಾಡಿ, "ಬೆಳ್ಳಗೇ ಇದೆ" ಅಂತ ಸಮಾಧಾನಪಟ್ಟರೆ ಆಗದು. ಬೆಳಕು ಒಂದು ಮಟ್ಟ ದಾಟುವವರೆಗೆ ಪೇಪರ್ ಏನೂ ತೋರಿಸುವುದಿಲ್ಲ. ಚಿತ್ರ ಬಿದ್ದ ಪೇಪರ್ ಆ ಮಟ್ಟವನ್ನು ಆಗಲೇ ದಾಟಿರುತ್ತದೆ. ಅದರ ಮೇಲೆ ಸೇಫ್‌ಲೈಟ್ ಸ್ವಲ್ಪ ಬಿದ್ದರೂ ಬೂದಾಗುತ್ತದೆ.

ಇದಕ್ಕೆ ಸಣ್ಣ ಅಳತೆಯ, ಅದೇ ಜಾತಿಯ ಪೇಪರ್ ಬಳಸಿ. 6ನೇ ಹಂತದ ದ್ರಾವಣ ಸಿದ್ಧವಾದ ದಿನವೇ ಮಾಡಿ.

ಸೇಫ್‌ಲೈಟ್ ಆರಿಸಿ, ಪೂರ್ತಿ ಕತ್ತಲಲ್ಲಿ, ನೆಗೆಟಿವ್ ಇಲ್ಲದೆ ಎನ್‌ಲಾರ್ಜರ್ ಬೆಳಕನ್ನು ಪೇಪರ್ ತಿಳಿಬೂದು ಆಗುವಷ್ಟು ಮಾತ್ರ ಕೊಡಿ. ಎಷ್ಟು ಸೆಕೆಂಡ್ ಅನ್ನುವುದನ್ನು ಒಂದೆರಡು ತುಂಡಿನಲ್ಲಿ ಹುಡುಕಿಕೊಳ್ಳಿ. ಆ ಪೇಪರನ್ನು ಡೆವಲಪರ್ ಟ್ರೇ ಇರುವ ಜಾಗದಲ್ಲಿಟ್ಟು, ಮೇಲೆ ಒಂದು ನಾಣ್ಯ ಇಟ್ಟು, ಸೇಫ್‌ಲೈಟ್ ಹಾಕಿ 10 ನಿಮಿಷ ಬಿಡಿ. ದೀಪ ಆರಿಸಿ, ಕತ್ತಲಲ್ಲೇ ಡೆವಲಪ್ ಮಾಡಿ. ನಾಣ್ಯದ ದುಂಡು ಗುರುತು ಕಂಡರೆ ದೀಪ ಸರಿಯಿಲ್ಲ. ದೂರ ಸರಿಸಿ, ಇಲ್ಲವೇ ಸೀಲಿಂಗ್ ಕಡೆ ತಿರುಗಿಸಿ, ಮತ್ತೆ ಪರೀಕ್ಷಿಸಿ. 10 ನಿಮಿಷ ಯಾಕೆಂದರೆ ದೊಡ್ಡ ಹಾಳೆ ಸಣ್ಣದಕ್ಕಿಂತ ಜಾಸ್ತಿ ಹೊತ್ತು ಬಯಲಲ್ಲಿ ಇರುತ್ತದೆ.

## 6. ದ್ರಾವಣ, ನೀರು, ಬಿಸಿ

ಒಂದೊಂದು ಟ್ರೇಗೂ 2.5ರಿಂದ 3 ಲೀಟರ್ ಬೇಕು. ಅದಕ್ಕಿಂತ ಕಡಿಮೆ ಹಾಕಿದರೆ ಹಾಳೆಯ ನಡುಭಾಗ ದ್ವೀಪದ ಹಾಗೆ ಮೇಲೆ ಉಳಿಯುತ್ತದೆ.

ರೆಡಿಮೇಡ್ ಡೆವಲಪರ್ ಸಿಕ್ಕರೆ ಬಾಟಲಿ ಮೇಲಿನ ಪ್ರಮಾಣ ಹಿಡಿಯಿರಿ. ಇಷ್ಟು ಲೀಟರ್ ಬಳಸುವಾಗ ಮನೆಯಲ್ಲೇ ಕಲಸಿದರೆ ಅಗ್ಗ. ಡಿ-72 ಎಂಬ ಹಳೇ ಸೂತ್ರ ನಂಬಿಕಸ್ತ: ಸುಮಾರು 50 ಡಿಗ್ರಿ ಬಿಸಿಯ 500 ಮಿ.ಲೀ. ನೀರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ 68 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಕೊನೆಗೆ ತಣ್ಣೀರು ಸೇರಿಸಿ 1 ಲೀಟರ್ ಮಾಡಿ. ಬಳಸುವಾಗ ಒಂದು ಪಾಲಿಗೆ ಎರಡು ಪಾಲು ನೀರು. ಹೇಳಿದ ಕ್ರಮದಲ್ಲೇ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು ಹಾಕಿ.

ಕೆಮಿಕಲ್ ಅಂಗಡಿಯಲ್ಲಿ ಎರಡು ಕಡೆ ಮೋಸ ಹೋಗುತ್ತೀರಿ. ಸಲ್ಫೈಟ್ ಕೇಳಿದರೆ ಸಲ್ಫೇಟ್ ಕೊಡುವುದುಂಟು, ಡಬ್ಬಿ ಮೇಲಿನ ಅಕ್ಷರ ಓದಿ. ವಾಷಿಂಗ್ ಸೋಡಾದಲ್ಲಿ ನೀರಿನಂಶ ಎಷ್ಟಿದೆ ಅಂತ ಗೊತ್ತಿರುವುದಿಲ್ಲ, ಡೆವಲಪರ್ ಸಪ್ಪೆಯಾಗುತ್ತದೆ. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಕೆರೆತ ಶುರುವಾದರೆ ಆಮೇಲೆ ಪ್ರತಿ ಸಲವೂ ಬರಬಹುದು. ಮೊದಲ ದಿನದಿಂದಲೇ ಕೈಗವಸು ಹಾಕಿ. ಪುಡಿ ಕಲಸುವಾಗ ಮಾಸ್ಕ್ ಇರಲಿ. ಅಡುಗೆಯ ಪಾತ್ರೆ, ಚಮಚ, ತಕ್ಕಡಿ ಯಾವುದನ್ನೂ ಬಳಸಬೇಡಿ, ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಬಾಟಲಿ ಇಡಬೇಡಿ.

ಸ್ಟಾಪ್ ಬಾತ್‌ಗೆ ಲೀಟರಿಗೆ 15 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಫಿಕ್ಸರ್‌ಗೆ ರ‍್ಯಾಪಿಡ್ ಫಿಕ್ಸರ್ ತೆಗೆದುಕೊಂಡು ಬಾಟಲಿಯ ಅಳತೆ ಪಾಲಿಸಿ.

ಡೆವಲಪರ್ 20 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು 30 ದಾಟಿರುತ್ತದೆ, ಕರಾವಳಿಯಲ್ಲೂ ಕಲಬುರಗಿ ಕಡೆಯಲ್ಲೂ ಇನ್ನೂ ಜಾಸ್ತಿ. ನೀರನ್ನು ಹಿಂದಿನ ರಾತ್ರಿ ಹಿಡಿದು ಒಳಗಿಡಿ. ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮುಚ್ಚಳ ಬಿಗಿದ ಆ ಬಾಟಲಿಯನ್ನೇ ಡೆವಲಪರ್‌ನಲ್ಲಿ ಆಡಿಸಿ. ಐಸ್ ನೇರ ಹಾಕಿದರೆ ದ್ರಾವಣ ತೆಳುವಾಗುತ್ತದೆ. 24ರವರೆಗೆ ಸಂಭಾಳಿಸಬಹುದು, ಆದರೆ ಟೆಸ್ಟ್ ಪಟ್ಟಿಗೂ ಹಾಳೆಗೂ ಒಂದೇ ಬಿಸಿ ಇರಬೇಕು. ಥರ್ಮಾಮೀಟರ್ ಟ್ರೇಯಲ್ಲೇ ಇರಲಿ.

## 7. ಪಟ್ಟಿ, ಆಮೇಲೆ ಹಾಳೆ

8×10 ಪ್ರಿಂಟಿಗೆ 10 ಸೆಕೆಂಡ್ ಬೇಕಿತ್ತು ಅಂದುಕೊಳ್ಳಿ. ಅದೇ ನೆಗೆಟಿವ್, ಅದೇ ಅಪರ್ಚರ್‌ನಲ್ಲಿ (ಲೆನ್ಸ್ ತೆರೆದ ಅಳತೆ) 16×20ಗೆ ಎಷ್ಟು? 20 ಅಂತ ಊಹಿಸುವವರೇ ಹೆಚ್ಚು. ಸರಿ ಉತ್ತರ 36ರ ಆಸುಪಾಸು. ಅಳತೆ ದುಪ್ಪಟ್ಟಾದರೆ ಬೆಳಕು ಹರಡುವ ಜಾಗ ನಾಲ್ಕು ಪಟ್ಟಾಗುತ್ತದೆ. ಲೆಕ್ಕ ಶುರುವಿಗೆ ಮಾತ್ರ, ತೀರ್ಮಾನ ಟೆಸ್ಟ್ ಪಟ್ಟಿಯದು.

ಫೋಕಸ್ ಮಾಡುವಾಗ ಈಸೆಲ್ ಮೇಲೆ ಅದೇ ದಪ್ಪದ ಹಳೇ ಪ್ರಿಂಟೊಂದನ್ನು ಬೆನ್ನು ಮೇಲೆ ಮಾಡಿ ಇಡಿ. ಲೆನ್ಸ್ ಪೂರ್ತಿ ತೆರೆದು ಗ್ರೇನ್ (ಫಿಲ್ಮ್‌ನ ಕಣಗಳು) ಚೂಪಾಗಿ ಕಾಣುವಂತೆ ಹಿಡಿಯಿರಿ, ಎಫ್ 8ಕ್ಕೆ ಇಳಿಸಿ ಇನ್ನೊಮ್ಮೆ ನೋಡಿ. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಾದರೆ ಫೋಕಸ್ ಜಾರುತ್ತದೆ. ಎಫ್ 16ಕ್ಕೆ ಇಳಿಸಬೇಡಿ, ಚೂಪು ಕಡಿಮೆಯಾಗುತ್ತದೆ.

ಈಗ ದೊಡ್ಡ ಡಬ್ಬಿ ತೆರೆಯಿರಿ. ಒಂದು ಹಾಳೆಯನ್ನು ಎರಡಿಂಚಿನ ಪಟ್ಟಿಗಳಾಗಿ ಕತ್ತರಿಸಿ ಕಪ್ಪು ಚೀಲದಲ್ಲಿ ಇಟ್ಟುಕೊಳ್ಳಿ. ಆ ಒಂದು ಹಾಳೆಗೆ ಜಿಪುಣತನ ಮಾಡಬೇಡಿ, ಹತ್ತು ಹಾಳೆಯ ಡಬ್ಬಿಯಲ್ಲಿ ಅದು ಉಳಿದ ಒಂಬತ್ತನ್ನು ಕಾಪಾಡುತ್ತದೆ. ಪಟ್ಟಿಯನ್ನು ಚಿತ್ರದ ಮುಖ್ಯ ಜಾಗಕ್ಕೆ ಇಡಿ: ಮುಖ, ಬಿಳಿ ಪಂಚೆ, ಮೋಡ. ಒಂದೇ ಪಟ್ಟಿಯಲ್ಲಿ ಹಂತ ಹಂತವಾಗಿ 14, 20, 28, 40, 56 ಸೆಕೆಂಡ್ ಬೀಳುವಂತೆ ರಟ್ಟು ಸರಿಸಿ. ಹಂತಗಳು ಗುಣಾಕಾರದಲ್ಲಿ ಏರಿದರೆ ವ್ಯತ್ಯಾಸ ಸಮನಾಗಿ ಕಾಣುತ್ತದೆ. ದೊಡ್ಡದು ಮಾಡಿದಾಗ ಚಿತ್ರ ಸ್ವಲ್ಪ ಸಪ್ಪೆ ಅನ್ನಿಸುವುದು ಸಹಜ. ಕಪ್ಪು-ಬಿಳುಪಿನ ಅಂತರ ಹೆಚ್ಚು ಕಡಿಮೆ ಮಾಡುವ ಫಿಲ್ಟರನ್ನು ಅರ್ಧ ಗ್ರೇಡ್ ಏರಿಸಿ ಇನ್ನೊಂದು ಪಟ್ಟಿ ಮಾಡಿ.

ಪಟ್ಟಿಯನ್ನು ಸೇಫ್‌ಲೈಟ್‌ನಲ್ಲಿ ಅಳೆಯಬೇಡಿ. ಫಿಕ್ಸ್ ಮಾಡಿ, ತೊಳೆದು, ಹೇರ್ ಡ್ರೈಯರ್‌ನಿಂದ ಒಣಗಿಸಿ, ಬಿಳಿ ಬೆಳಕಲ್ಲಿ ನೋಡಿ. ಫೈಬರ್ ಪೇಪರ್ (ಪ್ಲಾಸ್ಟಿಕ್ ಲೇಪವಿಲ್ಲದ್ದು) ಒಣಗಿದ ಮೇಲೆ ಒಂದು ಮಟ್ಟ ಕಪ್ಪಾಗುತ್ತದೆ, ಒದ್ದೆಯಲ್ಲಿ ಚೆನ್ನಾಗಿ ಕಂಡದ್ದು ಮರುದಿನ ಮಂಕಾಗಿರುತ್ತದೆ.

ಪೂರ್ತಿ ಹಾಳೆ ಇಡುವಾಗ ಎನ್‌ಲಾರ್ಜರ್ ಅಲುಗಿರುತ್ತದೆ. ಲೆನ್ಸ್ ಕೆಳಗೆ ಕಪ್ಪು ರಟ್ಟು ಹಿಡಿದು ದೀಪ ಹಾಕಿ. ಹತ್ತು ಎಣಿಸಿ. ಆಮೇಲೆ ರಟ್ಟು ತೆಗೆಯಿರಿ, ಎಕ್ಸ್‌ಪೋಷರ್ ಅಲ್ಲಿಂದ ಶುರು. ಆ ಹೊತ್ತಿನಲ್ಲಿ ನಿಂತ ಜಾಗದಿಂದ ಕಾಲು ಎತ್ತಬೇಡಿ.

## 8. ಟ್ರೇಯಲ್ಲಿ ದೊಡ್ಡ ಹಾಳೆ

ಇದನ್ನು ಬೆಳಕಿನಲ್ಲೇ, ಅದೇ ಅಳತೆಯ ಕ್ಯಾಲೆಂಡರ್ ಹಾಳೆ ಮತ್ತು ಬರೀ ನೀರಿನಲ್ಲಿ ಹತ್ತು ಸಲ ಮಾಡಿ.

ಎದುರುಬದುರು ಅಂಚುಗಳನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಟ್ರೇಯ ಹತ್ತಿರದ ಕಡೆಯನ್ನು ಸ್ವಲ್ಪ ಎತ್ತಿ ದ್ರಾವಣ ಆಚೆ ತುದಿಗೆ ಸೇರುವಂತೆ ಮಾಡಿ. ಹಾಳೆಯ ಆಚೆ ಅಂಚನ್ನು ಅದರೊಳಗೆ ಜಾರಿಸುತ್ತಾ ಟ್ರೇ ಇಳಿಸಿ. ಅಲೆ ಬಂದು ಇಡೀ ಹಾಳೆಯನ್ನು ಒಂದೇ ಸಲಕ್ಕೆ ಮುಚ್ಚಬೇಕು, ಐದು ಸೆಕೆಂಡ್ ಒಳಗೆ. ತಡವರಿಸಿದ ಜಾಗದಲ್ಲಿ ಗೆರೆ ಉಳಿಯುತ್ತದೆ. ಆಮೇಲೆ ಟ್ರೇಯ ಒಂದು ಬದಿ, ಮುಂದಿನ ಬದಿ ಅಂತ ಬದಲಾಯಿಸುತ್ತಾ ನಿಧಾನ ಎತ್ತಿ ಇಳಿಸಿ. ಒಂದೇ ದಿಕ್ಕಿನಲ್ಲಿ ತೂಗಿದರೆ ಅಂಚು ಕಪ್ಪಾಗುತ್ತದೆ.

ಚಿತ್ರ ಬೇಗ ಕಪ್ಪಾಯಿತು ಅಂತ ಅರ್ಧಕ್ಕೆ ತೆಗೆಯಬೇಡಿ. ಪೂರ್ತಿ ಸಮಯ ಕೊಡಿ, ಕಪ್ಪಾದರೆ ಎಕ್ಸ್‌ಪೋಷರ್ ಕಡಿಮೆ ಮಾಡಿ ಇನ್ನೊಂದು ಹಾಳೆ ಹಾಕಿ. ಎತ್ತುವಾಗ ಒಂದೇ ಮೂಲೆ ಹಿಡಿದರೆ ಒದ್ದೆ ಹಾಳೆ ಮಡಚಿಕೊಂಡು ಉಗುರಿನ ಆಕಾರದ ಗಾಯ ಆಗುತ್ತದೆ, ಅದು ಹೋಗುವುದಿಲ್ಲ. 10 ಸೆಕೆಂಡ್ ಸೋರಲು ಬಿಟ್ಟು ಮುಂದಿನ ಟ್ರೇಗೆ ಇಳಿಸಿ. ಫಿಕ್ಸರ್ ಮುಟ್ಟಿದ ಕೈ ತೊಳೆಯದೆ ಡೆವಲಪರ್‌ಗೆ ಹೋಗಬಾರದು.

ಒಂದು 16×20 ಹಾಳೆ ನಾಲ್ಕು 8×10ಕ್ಕೆ ಸಮ. ಬಾಟಲಿ ಮೇಲೆ 40 ಪ್ರಿಂಟ್ ಅಂತಿದ್ದರೆ ನಿಮಗೆ ಹತ್ತು. ಫಿಕ್ಸರ್ ಅನುಮಾನ ಬಂದರೆ ಬಳಸದ ಫಿಲ್ಮ್ ತುಂಡೊಂದನ್ನು ಅದರಲ್ಲಿ ಅದ್ದಿ. ಹೊಸ ದ್ರಾವಣದಲ್ಲಿ ಪಾರದರ್ಶಕ ಆಗಲು ಹಿಡಿದಿದ್ದರ ಎರಡು ಪಟ್ಟು ಹೊತ್ತು ಹಿಡಿದರೆ ಅದು ಮುಗಿದಿದೆ.

## 9. ತೊಳೆಯುವುದು, ಒಣಗಿಸುವುದು

ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರಿಗೆ ಹರಿಯುವ ನೀರಿನಲ್ಲಿ 2 ನಿಮಿಷ ಸಾಕು. ಗಂಟೆಗಟ್ಟಲೆ ನೆನೆಸಿದರೆ ಅಂಚು ಬಿಚ್ಚಿಕೊಳ್ಳುತ್ತದೆ. ಫೈಬರ್‌ಗೆ ಒಂದು ಗಂಟೆ ಬೇಕು. ನಲ್ಲಿ ಬಿಟ್ಟುಕೊಂಡು ನೀರು ವ್ಯರ್ಥ ಮಾಡುವ ಬದಲು ಟ್ರೇ ತುಂಬಿ, 5 ನಿಮಿಷ ಆಡಿಸಿ, ಚೆಲ್ಲಿ, ಮತ್ತೆ ತುಂಬಿ. ಹನ್ನೆರಡು ಸಲ.

ಒಣಗಿಸಲು ಮರದ ಚೌಕಟ್ಟಿಗೆ ನೈಲಾನ್ ಸೊಳ್ಳೆ ಪರದೆ ಬಿಗಿದು ಮಲಗಿಸಿ. ಆರ್‌ಸಿ ಮುಖ ಮೇಲೆ, ಫೈಬರ್ ಮುಖ ಕೆಳಗೆ. ಫ್ಯಾನ್ ನೇರ ಬೀಸಿದರೆ ಫೈಬರ್ ಹಾಳೆ ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಹಿಡಿಯಬಹುದು, ಪೂರ್ತಿ ಒಣಗುವವರೆಗೆ ಒಂದರ ಮೇಲೊಂದು ಪೇರಿಸಬೇಡಿ.

## 10. ಹಳೇ ಫಿಕ್ಸರ್ ಎಲ್ಲಿಗೆ?

ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಕರಗಿರುತ್ತದೆ. ನೀರಿನ ಜೀವಿಗಳಿಗೆ ಅದು ವಿಷ. ಚರಂಡಿಗೆ, ತೋಟಕ್ಕೆ, ಸೆಪ್ಟಿಕ್ ಗುಂಡಿಗೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ, ಮೇಲೆ ದಪ್ಪಕ್ಷರದಲ್ಲಿ "ಹಳೇ ಹೈಪೊ, ವಿಷ" ಅಂತ ಬರೆದು ಕೂಡಿಡಿ. ಎಕ್ಸ್‌ರೇ ಫಿಲ್ಮ್‌ನಿಂದ, ಹೈಪೊದಿಂದ ಬೆಳ್ಳಿ ತೆಗೆಯುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ಫಿಲ್ಮ್ ತೊಳೆಯುವ ಲ್ಯಾಬ್‌ನಲ್ಲಿ ವಿಚಾರಿಸಿದರೆ ದಾರಿ ಗೊತ್ತಾಗುತ್ತದೆ. ಇನ್ನಿಬ್ಬರು ಪ್ರಿಂಟ್ ಮಾಡುವವರನ್ನು ಜೊತೆಗೆ ಸೇರಿಸಿಕೊಂಡರೆ ಕ್ಯಾನ್ ಬೇಗ ತುಂಬುತ್ತದೆ, ಒಟ್ಟಿಗೆ ಕೊಂಡೊಯ್ದು ಕೊಡಬಹುದು.